ಬಗೆತ್ ಕೊಳ್ಳಲು ಬಾರದ ಫ್ರೆಂಚ್ ಪಾಠ

ನಮಸ್ಕಾರ.

‘ಊಟ, ಹಬ್ಬ, ದಿನಬಳಕೆಯ ಮೂಲಕ ಫ್ರೆಂಚ್’ ಎಂಬ ನಿಮ್ಮ ಲೇಖನ ತಲುಪಿತು. ಮೊದಲೇ ಹೇಳಿಬಿಡುತ್ತೇವೆ, ಈಗಿರುವ ಹಾಗೆ ಇದನ್ನು ಪ್ರಕಟಿಸುವುದಿಲ್ಲ. ನಿಮ್ಮ ಕನ್ನಡ ಸಲೀಸಾಗಿದೆ, ವಿಷಯವೂ ಓದುಗರಿಗೆ ಬೇಕಾದದ್ದೇ. ಆದರೆ ಇಡೀ ಲೇಖನ ಓದಿ ಮುಗಿಸಿದವರಿಗೆ ಪ್ಯಾರಿಸ್‌ನಲ್ಲಿ ಒಂದು ಬಗೆತ್ (ಕೋಲಿನಂತೆ ಉದ್ದನೆಯ ಬ್ರೆಡ್) ಕೊಳ್ಳುವಷ್ಟು ಫ್ರೆಂಚ್ ಕೂಡ ಬಂದಿರುವುದಿಲ್ಲ. ‘ಸಂಸ್ಕೃತಿ ಗೊತ್ತಾದರೆ ಭಾಷೆ ತಾನಾಗಿ ಬರುತ್ತದೆ’ ಎಂದು ನಾಲ್ಕು ಕಡೆ ಬರೆದಿದ್ದೀರಿ. ಹೇಗೆ ಬರುತ್ತದೆ ಎಂದು ಒಂದು ಕಡೆಯೂ ತೋರಿಸಿಲ್ಲ.

ಐಫೆಲ್ ಗೋಪುರ, ಸುಗಂಧದ್ರವ್ಯ, ಫ್ಯಾಷನ್ ತುಂಬಿದ ಮೊದಲೆರಡು ಪುಟ ತೆಗೆದುಹಾಕಿ. ಅಲ್ಲಿರುವುದು ಯಾರಿಗೂ ಹೊಸದಲ್ಲ. ಆಮೇಲೆ ಬರುವ ಪದಗಳ ಪಟ್ಟಿಯನ್ನೂ ಬಿಡಿ. ಅದರಲ್ಲಿ ಬ್ರೆಡ್ಡಿಗೆ ‘ಪೇನ್’, ಹಾಲಿಗೆ ‘ಲೈಟ್’ ಎಂದಿದೆ. ಇದು ಕಾಗುಣಿತವನ್ನು ಇಂಗ್ಲಿಷಿನ ಹಾಗೆ ಓದಿದ್ದರ ಫಲ. ಉಚ್ಚಾರ ‘ಪ್ಯಾಂ’, ‘ಲೆ’ ಎಂಬುದಕ್ಕೆ ಹತ್ತಿರ. ಇನ್ನೂ ದೊಡ್ಡ ಕೊರತೆ ಎಂದರೆ ಪದಗಳ ಲಿಂಗ ಕೊಟ್ಟಿಲ್ಲ. ಫ್ರೆಂಚ್ ನಾಮಪದವನ್ನು ಅದರ ಮುಂದಿನ ‘ಲ’ ಅಥವಾ ‘ಲಾ’ ಬಿಟ್ಟು ಬಾಯಿಪಾಠ ಮಾಡಿದವರು ಆಮೇಲೆ ಎಲ್ಲವನ್ನೂ ಎರಡನೇ ಸಲ ಕಲಿಯಬೇಕಾಗುತ್ತದೆ. ಹಾಲು ‘ಲ ಲೆ’, ಪುಲ್ಲಿಂಗ. ಹಿಟ್ಟು ‘ಲಾ ಫರೀನ್’, ಸ್ತ್ರೀಲಿಂಗ. ಊಹಿಸಿ ಹೇಳಲು ನಮ್ಮ ಕನ್ನಡದ ಲಿಂಗವ್ಯವಸ್ಥೆ ಇಲ್ಲಿ ಏನೂ ನೆರವಾಗದು, ಏಕೆಂದರೆ ನಮಗೆ ಎರಡೂ ‘ಅದು’.

ಈಗ ನಿಮ್ಮ ಬೇಕರಿ ಪ್ಯಾರಾ. ‘ಅಂಗಡಿಗೆ ಹೋಗಿ ಯೂನ್ ಬಗೆತ್ ಎಂದರೆ ಸಾಕು’ ಎಂದಿದ್ದೀರಿ. ಸಾಲದು. ಒಳಗೆ ಕಾಲಿಟ್ಟ ಕೂಡಲೇ ‘ಬೊಂಜೂರ್’ (ನಮಸ್ಕಾರ) ಎನ್ನದೆ ನೇರವಾಗಿ ಸಾಮಾನು ಕೇಳುವುದನ್ನು ಫ್ರಾನ್ಸಿನಲ್ಲಿ ಒರಟುತನ ಎಂದೇ ತಿಳಿಯುತ್ತಾರೆ. ವ್ಯಾಕರಣ ತಪ್ಪಿದರೆ ಯಾರೂ ಮುಖ ಸಿಂಡರಿಸುವುದಿಲ್ಲ, ಇದು ತಪ್ಪಿದರೆ ಸಿಂಡರಿಸುತ್ತಾರೆ. ಸಂಭಾಷಣೆಯನ್ನು ಪೂರ್ತಿ ಕೊಡಿ. ಗಿರಾಕಿ: ‘ಬೊಂಜೂರ್ ಮದಾಮ್. ಜ ವುದ್ರೆ ಯೂನ್ ತ್ರಾದಿಸ್ಯೋಂ, ಸಿಲ್ ವು ಪ್ಲೆ.’ ಅಂದರೆ ದಯವಿಟ್ಟು ನನಗೊಂದು ತ್ರಾದಿಸ್ಯೋಂ ಬೇಕು ಎಂದು. ಅಂಗಡಿಯವರು ಬ್ರೆಡ್ ಸುತ್ತುತ್ತಾ ‘ಎ ಅವೆಕ್ ಸಸಿ?’ ಎನ್ನುತ್ತಾರೆ, ಅಂದರೆ ಇದರ ಜೊತೆ ಇನ್ನೇನು. ಪಠ್ಯಪುಸ್ತಕ ಮಾತ್ರ ಓದಿದವರು ತಡವರಿಸುವುದು ಈ ಪ್ರಶ್ನೆಗೇ. ಉತ್ತರ: ‘ಸ ಸರಾ ತು, ಮೆರ್ಸಿ.’ ಇಷ್ಟೇ ಸಾಕು ಎಂದು. ಹೊರಡುವಾಗ ‘ಬೊನ್ ಜೂರ್ನೆ’, ದಿನ ಚೆನ್ನಾಗಿರಲಿ ಎಂದು. ಡೆಲ್ಫ್ ಎಂಬ ಫ್ರೆಂಚ್ ಭಾಷಾ ಪರೀಕ್ಷೆಯ ಆರಂಭದ ಹಂತವಾದ ಎ1ರಲ್ಲಿ ಮೌಖಿಕದ ಕೊನೆಯ ಭಾಗ ಇಂಥದೇ ವ್ಯವಹಾರದ ಅಣಕು ಸಂಭಾಷಣೆ. ಅಲ್ಲಿ ನಮಸ್ಕಾರ, ಧನ್ಯವಾದದ ಮಾತುಗಳನ್ನೂ ಗಮನಿಸುತ್ತಾರೆ. ಬೆಂಗಳೂರಿನಲ್ಲಿ ಆ ಪರೀಕ್ಷೆಗೆ ಓದುತ್ತಿರುವ ಮಕ್ಕಳಿಗೆ ನಿಮ್ಮ ಇಡೀ ಲೇಖನಕ್ಕಿಂತ ಈ ನಾಲ್ಕು ಸಾಲು ಹೆಚ್ಚು ಉಪಯೋಗಕ್ಕೆ ಬರುತ್ತವೆ.

‘ತ್ರಾದಿಸ್ಯೋಂ’ ಏನು ಎಂದೂ ಬರೆಯಿರಿ. 1993ರ ಸೆಪ್ಟೆಂಬರ್ 13ರ ಸರ್ಕಾರಿ ಆಜ್ಞೆಯೊಂದರ ಪ್ರಕಾರ ‘ಸಾಂಪ್ರದಾಯಿಕ ಫ್ರೆಂಚ್ ಬ್ರೆಡ್’ ಎಂಬ ಹೆಸರಿನಲ್ಲಿ ಮಾರಬೇಕಾದರೆ ಗೋಧಿ ಹಿಟ್ಟು, ನೀರು, ಉಪ್ಪು, ಹುದುಗಿಸಲು ಯೀಸ್ಟ್ ಅಥವಾ ಹುಳಿಹಿಟ್ಟು, ಇಷ್ಟೇ ಇರಬೇಕು. ಕಾಳಿನ ಹಿಟ್ಟಿನಂಥ ಒಂದೆರಡನ್ನು ಅತಿ ಸ್ವಲ್ಪ ಸೇರಿಸಬಹುದು. ಬೇರೆ ರಾಸಾಯನಿಕ ಹಾಕುವಂತಿಲ್ಲ, ಹಿಟ್ಟನ್ನು ಯಾವ ಹಂತದಲ್ಲೂ ಡೀಪ್ ಫ್ರೀಜ್ ಮಾಡುವಂತಿಲ್ಲ. ಮಾಮೂಲಿ ಬಗೆತ್‌ಗೆ ಈ ಕಟ್ಟುಪಾಡಿಲ್ಲ, ಅದಕ್ಕೇ ಬೆಲೆಯೂ ಕಡಿಮೆ. 2022ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ್ದನ್ನು ನೀವು ಬರೆದಿದ್ದೀರಿ, ಸರಿ. ಆದರೆ ಸೇರಿದ್ದು ಬ್ರೆಡ್ ಅಲ್ಲ, ಅದನ್ನು ಮಾಡುವ ಕುಶಲತೆ ಮತ್ತು ಅದರ ಸುತ್ತಲಿನ ರೂಢಿ. ತಿದ್ದಿಕೊಳ್ಳಿ.

ಇದೇ ಕೌಂಟರಿನಲ್ಲಿ ನಿಮಗೆ ಬಿಟ್ಟಿಯಾಗಿ ಒಂದು ವ್ಯಾಕರಣ ಪಾಠ ಸಿಗುತ್ತದೆ, ಅದನ್ನು ಕೈಬಿಟ್ಟಿದ್ದೀರಿ. ಗಿರಾಕಿಗಳು ಬಗೆತ್ ಎಷ್ಟು ಬೆಂದಿರಬೇಕು ಎಂದು ಹೇಳಿ ಕೇಳುತ್ತಾರೆ. ಕೆಂಪಗೆ, ಗರಿಗರಿಯಾಗಿ ಬೇಕಿದ್ದರೆ ‘ಬ್ಯಾಂ ಕ್ವೀತ್’, ಮೆತ್ತಗೆ ಬೇಕಿದ್ದರೆ ‘ಪಾ ತ್ರೋ ಕ್ವೀತ್’. ಬಗೆತ್ ಸ್ತ್ರೀಲಿಂಗವಾದ್ದರಿಂದ ಗುಣವಾಚಕದ ಕೊನೆಗೆ ಒಂದು ‘ಇ’ ಅಕ್ಷರ ಸೇರುತ್ತದೆ, ಅದರಿಂದ ‘ತ್’ ಕೇಳಿಸುತ್ತದೆ. ಅದೇ ದುಂಡನೆಯ ‘ಪ್ಯಾಂ’ ಕೊಳ್ಳುವಾಗ, ಅದು ಪುಲ್ಲಿಂಗ, ‘ಬ್ಯಾಂ ಕ್ವಿ’ ಅಷ್ಟೇ. ‘ತ್’ ಬರವಣಿಗೆಯಲ್ಲಿದೆ, ಬಾಯಲ್ಲಿಲ್ಲ. ಫ್ರೆಂಚಿನ ಗುಣವಾಚಕಗಳಲ್ಲಿ ಎಷ್ಟೋ ಹೀಗೇ ನಡೆಯುತ್ತವೆ. ಕೋಷ್ಟಕ ಬರೆಯುವ ಬದಲು ಎರಡು ಬ್ರೆಡ್ ಪಕ್ಕಪಕ್ಕ ಇಡಿ.

ಉಚ್ಚಾರದ ಬಗ್ಗೆ ನೀವು ಬರೆದದ್ದು ಇಂಗ್ಲಿಷ್ ಓದುಗರಿಗೆ ಬರೆದಂತಿದೆ. ಫ್ರೆಂಚಿನ ತ, ದ ಹಲ್ಲಿಗೆ ನಾಲಿಗೆ ತಾಗಿಸಿ ಹೇಳುವಂಥವು, ಪ, ಕಗಳಲ್ಲಿ ಉಸಿರು ನುಗ್ಗುವುದಿಲ್ಲ. ಕನ್ನಡಿಗರಿಗೆ ಇದು ಹುಟ್ಟಿನಿಂದ ಬಂದದ್ದು. ಆದರೂ ಇಂಗ್ಲಿಷಿನ ದಾರಿಯಲ್ಲಿ ಫ್ರೆಂಚಿಗೆ ಹೋದವರು ‘ಬಗೆಟ್’ ಎಂದು ನಾಲಿಗೆ ಮಡಚುತ್ತಾರೆ. ಅದನ್ನು ಬಿಡಿಸಿದರೆ ಅರ್ಧ ಕೆಲಸವಾಯಿತು. ನಿಜವಾಗಿ ಕಷ್ಟವಾಗುವುದು ಎರಡು. ಒಂದು, ಕೊನೆಗೆ ‘ಉ’ ಅಂಟಿಸುವ ನಮ್ಮ ಅಭ್ಯಾಸ, ಬಸ್ಸು, ಬ್ರೆಡ್ಡು ಎಂದಂತೆ. ಎರಡು, ‘ದ್ಯು’ (du) ಎಂಬಂಥ ಪದಗಳಲ್ಲಿ ನಾವು ‘ಯು’ ಎಂದು ಹೇಗೋ ಬರೆಯುವ ಆ ಸ್ವರ. ಅದಕ್ಕೆ ಬಾಯೊಳಗೆ ‘ಇ’ ಹೇಳುತ್ತಾ ತುಟಿಯನ್ನು ಮಾತ್ರ ‘ಉ’ಗೆ ದುಂಡಗೆ ಮಾಡಬೇಕು. ಹೀಗೆ ವಿವರಿಸಿ, ಸಾಕು.

ತೆಳು ದೋಸೆಯಂಥ ತಿನಿಸಾದ ಕ್ರೆಪ್‌ನ ಪಾಕವಿಧಾನ ಲೇಖನದಲ್ಲೇ ಹೆಚ್ಚು ಭರವಸೆಯ ಭಾಗ, ಹೆಚ್ಚು ಕೆಟ್ಟಿರುವುದೂ ಅದೇ. ‘ಒಂದು ಕಪ್ ಮೈದಾ, ಒಂದು ಕಪ್ ಹಾಲು, ಒಂದು ಮೊಟ್ಟೆ’ ಎಂಬ ಅಳತೆಯಲ್ಲಿ ಮೊಟ್ಟೆ ಸಾಲದು, ಬೆಣ್ಣೆಯಂತೂ ಇಲ್ಲವೇ ಇಲ್ಲ. ಫ್ರಾನ್ಸಿನ ಮನೆಗಳಲ್ಲಿ ತೂಕದ ಲೆಕ್ಕ: 250 ಗ್ರಾಂ ಹಿಟ್ಟು, 4 ಮೊಟ್ಟೆ, ಅರ್ಧ ಲೀಟರ್ ಹಾಲು, 50 ಗ್ರಾಂ ಕರಗಿಸಿದ ಬೆಣ್ಣೆ, ಚಿಟಿಕೆ ಉಪ್ಪು. ಹಿಟ್ಟಿನ ನಡುವೆ ಗುಳಿ ಮಾಡಿ ಮೊಟ್ಟೆ ಒಡೆದು ಹಾಕಿ, ಒಳಗಿನಿಂದ ಹೊರಕ್ಕೆ ಕಲಸುತ್ತಾ ಹಾಲನ್ನು ಸ್ವಲ್ಪಸ್ವಲ್ಪವೇ ಬಿಡಬೇಕು. ಒಂದೇ ಸಲ ಸುರಿದರೆ ಗಂಟು ಕಟ್ಟುತ್ತದೆ. ಆಮೇಲೆ ಒಂದು ಗಂಟೆ ಹಾಗೇ ಬಿಡಬೇಕು. ಈ ಸಾಲು ನಿಮ್ಮಲ್ಲಿ ಇಲ್ಲವೇ ಇಲ್ಲ. ಕಲಸುವಾಗ ಬಿಗಿದುಕೊಂಡ ಹಿಟ್ಟಿನ ಅಂಟು (ಗ್ಲುಟೆನ್) ಆ ಹೊತ್ತಿನಲ್ಲಿ ಸಡಿಲವಾಗುತ್ತದೆ, ಹಿಟ್ಟು ಹಾಲನ್ನು ಹೀರಿಕೊಳ್ಳುತ್ತದೆ. ಬಿಡದೆ ಹುಯ್ದರೆ ಕ್ರೆಪ್ ರಬ್ಬರಿನಂತೆ ಎಳೆಯುತ್ತದೆ. ‘ಫ್ರೆಂಚರ ದೋಸೆ’ ಎಂದು ಬರೆದು ಮುಂದೆ ಹೋಗಿಬಿಟ್ಟಿದ್ದೀರಿ. ಹೋಲಿಸಲೇಬೇಕೆಂದರೆ ನೀರ್ ದೋಸೆಗೆ ಹೋಲಿಸಿ: ಹುದುಗು ಬರಿಸುವುದಿಲ್ಲ, ಸೌಟಿನಿಂದ ಹರಡುವುದಿಲ್ಲ, ಹುಯ್ದು ಬಾಣಲೆಯನ್ನೇ ಓರೆ ಮಾಡಿ ತಿರುಗಿಸುತ್ತಾರೆ. ಆದರೆ ಅಂಚು ಕೆಂಪಗಾದ ಮೇಲೆ ಕ್ರೆಪ್ಪನ್ನು ಮಗುಚಿ ಇನ್ನೊಂದು ಬದಿ ಬೇಯಿಸುತ್ತಾರೆ. ಮೊದಲನೆಯದು ಕೆಡುವುದು ಮಾಮೂಲು. ಬಾಣಲೆ ಸಮನಾಗಿ ಕಾದಿರುವುದಿಲ್ಲ, ಬೆಣ್ಣೆ ಹೆಚ್ಚಾಗಿರುತ್ತದೆ.

ಈ ಪಾಕವನ್ನು ಭಾಷೆಯ ಪಾಠ ಮಾಡುವುದು ಹೇಗೆ? ಸಾಮಾನಿನ ಹೆಸರನ್ನು ಎರಡು ಸಲ ಬರೆಯಿರಿ. ಅಳತೆ ಇಲ್ಲದೆ ಹೇಳುವಾಗ: ‘ದ ಲಾ ಫರೀನ್’, ‘ದ್ಯು ಲೆ’. ಅಳತೆ ಹೇಳಿದ ಕೂಡಲೇ ಲಿಂಗ ಯಾವುದೇ ಇರಲಿ ಬರೀ ‘ದ’: 250 ಗ್ರಾಂ ‘ದ ಫರೀನ್’, ಅರ್ಧ ಲೀಟರ್ ‘ದ ಲೆ’. ಕುಡಿಯುವುದಿಲ್ಲ, ಬೇಡ ಎಂದಾಗಲೂ ಬರೀ ‘ದ’: ‘ಜ ನ ಬ್ವಾ ಪಾ ದ ಲೆ’. ಇಷ್ಟ ಎನ್ನುವಾಗ ಮಾತ್ರ ‘ಜೆಮ್ ಲ ಲೆ’. ನಾವು ‘ಹಾಲು ಕುಡಿತೀನಿ’, ‘ಹಾಲು ಇಷ್ಟ’ ಎಂದು ಎರಡಕ್ಕೂ ಬರೀ ಹಾಲನ್ನೇ ಇಡುತ್ತೇವೆ. ಹಾಗಾಗಿ ಕನ್ನಡಿಗರು ಈ ತುಣುಕುಗಳನ್ನು ನುಂಗಿಬಿಡುವುದು ಸಹಜ, ಅಲ್ಲೇ ಹೆಚ್ಚು ನಿಲ್ಲಿ. ಮೊಟ್ಟೆಯಲ್ಲೂ ಒಂದು ಚಮತ್ಕಾರವಿದೆ: ಒಂದು ಮೊಟ್ಟೆಯಾದರೆ ಕೊನೆಯ ‘ಫ್’ ಕೇಳಿಸುತ್ತದೆ, ನಾಲ್ಕಾದರೆ ಅದು ಮಾಯ.

ಇನ್ನೊಂದು ಅನುಕೂಲ ನಿಮ್ಮ ಕಣ್ಣಿಗೆ ಬಿದ್ದಂತಿಲ್ಲ. ಫ್ರೆಂಚ್ ಅಡುಗೆ ಪುಸ್ತಕಗಳಲ್ಲಿ ಕ್ರಿಯಾಪದಗಳು ಅನೇಕ ಕಡೆ ನಿಘಂಟಿನಲ್ಲಿರುವ ಮೂಲರೂಪದಲ್ಲೇ ಇರುತ್ತವೆ: ‘ಮೆಲಾಂಜೆ’ ಬೆರೆಸುವುದು, ‘ಅಜೂತೆ’ ಸೇರಿಸುವುದು, ‘ವೆರ್ಸೆ’ ಸುರಿಯುವುದು, ‘ಲೆಸ್ಸೆ ರಪೋಜೆ’ ಹಾಗೇ ಬಿಡುವುದು. ಕ್ರಿಯಾಪದದ ರೂಪಗಳನ್ನು ಇನ್ನೂ ಕಲಿಯದವರೂ ಇದನ್ನು ಓದಿ ಅಡುಗೆ ಮಾಡಬಹುದು. ಹೊಸಬರಿಗೆ ಮೊದಲ ಓದಾಗಿ ಪಾಕವಿಧಾನ ಕೊಡುವುದಕ್ಕೆ ಇದಕ್ಕಿಂತ ಬೇರೆ ಕಾರಣ ಬೇಕಿಲ್ಲ.

ಹಬ್ಬಗಳ ಪುಟದಲ್ಲಿ ಹತ್ತು ಹಬ್ಬ, ತಲಾ ಎರಡು ಸಾಲು. ಒಂದೇ ಇಟ್ಟುಕೊಳ್ಳಿ. ಕ್ರೆಪ್ ಇರುವುದರಿಂದ ಫೆಬ್ರವರಿ 2ರ ಶಾಂದಲರ್ ಸಾಕು: ಒಂದು ಕೈಯಲ್ಲಿ ನಾಣ್ಯ ಹಿಡಿದು ಇನ್ನೊಂದು ಕೈಯಲ್ಲಿ ಬಾಣಲೆ ಚಿಮ್ಮಿಸಿ ಕ್ರೆಪ್ ಮಗುಚಿದರೆ ವರ್ಷವಿಡೀ ದುಡ್ಡು ಎಂಬ ನಂಬಿಕೆ. ಜನವರಿಯ ‘ಗಲೆತ್ ದೆ ರ್ವಾ’ವನ್ನು (ರಾಜರ ಗಲೆತ್) ಕ್ರೆಪ್‌ನ ಇನ್ನೊಂದು ಬಗೆ ಎಂದಿರುವುದು ತಪ್ಪು. ಫ್ರಾನ್ಸಿನದೇ ಬ್ರಿಟನಿ ಪ್ರಾಂತ್ಯದ ಸಿಹಿಯಿಲ್ಲದ, ಬಕ್‌ವೀಟ್ ಹಿಟ್ಟಿನ ತೆಳು ಗಲೆತ್ ಬೇರೆ; ಇದು ಪದರ ಪದರದ ಪೇಸ್ಟ್ರಿ, ಒಳಗೆ ಬಾದಾಮಿ ಹೂರಣ, ಅದರಲ್ಲಿ ಅಡಗಿಸಿಟ್ಟ ಸಣ್ಣ ಗೊಂಬೆ. ಮನೆಯ ಚಿಕ್ಕ ಮಗು ಮೇಜಿನ ಕೆಳಗೆ ಕೂತು ಯಾವ ತುಂಡು ಯಾರಿಗೆ ಎಂದು ಕೂಗುತ್ತದೆ. (ಅಧ್ಯಕ್ಷರ ಎಲಿಸೆ ಅರಮನೆಯ ಗಲೆತ್‌ನಲ್ಲಿ ಗೊಂಬೆ ಇಡುವುದಿಲ್ಲ. ಸಿಕ್ಕವರು ರಾಜರಾಗಬೇಕು, ಗಣರಾಜ್ಯದಲ್ಲಿ ಅದು ಹೇಗೆ ಸಾಧ್ಯ!)

‘ತ್ಯು’ ಮತ್ತು ‘ವು’ ವ್ಯತ್ಯಾಸಕ್ಕೆ ಒಂದಿಡೀ ಪುಟ ಬೇಡ. ನೀನು, ನೀವು ಎಂದು ಬೆಳೆದವರಿಗೆ ಅದು ಅರ್ಥವಾಗುತ್ತದೆ. ಎಲ್ಲಿ ಬೇರೆ ಎಂಬುದಷ್ಟೇ ಹೇಳಿ: ಅಲ್ಲಿ ಮಕ್ಕಳು ಅಪ್ಪನನ್ನೂ ಅಜ್ಜನನ್ನೂ ಸಾಮಾನ್ಯವಾಗಿ ‘ತ್ಯು’ ಎನ್ನುತ್ತಾರೆ, ಆದರೆ ಇಪ್ಪತ್ತು ವರ್ಷದ ಬೇಕರಿ ಹುಡುಗನಿಗೆ ಅರವತ್ತರ ಗಿರಾಕಿಯೂ ‘ವು’ ಎನ್ನಬೇಕು.

‘ದೆಜ್ಯುನೆ ಎಂದರೆ ಮಧ್ಯಾಹ್ನದ ಊಟ’ ಎಂಬುದು ಫ್ರಾನ್ಸಿಗೆ ಸರಿ. ಕೆನಡಾದ ಕ್ವೆಬೆಕ್, ಬೆಲ್ಜಿಯಂ, ಸ್ವಿಟ್ಜರ್ಲೆಂಡಿನಲ್ಲಿ ಅದು ಬೆಳಗಿನ ತಿಂಡಿ. ಕೆನಡಾಗೆ ಹೋಗಲೆಂದೇ ಫ್ರೆಂಚ್ ಕಲಿಯುವವರು ನಮ್ಮ ಓದುಗರಲ್ಲಿದ್ದಾರೆ, ಒಂದು ಸಾಲು ಅವರಿಗಿರಲಿ. ಬೆಲೆ ಕೇಳಿಸಿಕೊಳ್ಳುವ ಅಭ್ಯಾಸವನ್ನೂ ಸೇರಿಸಿ. ಫ್ರಾನ್ಸಿನಲ್ಲಿ 95 ಎಂದರೆ ‘ನಾಲ್ಕು ಇಪ್ಪತ್ತು ಹದಿನೈದು’, ಕಾತ್ರ ವ್ಯಾಂ ಕ್ಯಾಂಜ್. ಕಿವಿ ಪಳಗದಿದ್ದರೆ ಕೈಯಲ್ಲಿದ್ದ ಚಿಲ್ಲರೆ ಕೈಯಲ್ಲೇ ಉಳಿಯುತ್ತದೆ.

ಹೊಸ ಪ್ರತಿಯಲ್ಲಿ ಬೇಕರಿ ಮತ್ತು ಕ್ರೆಪ್ ಎರಡೇ ಇರಲಿ, ಸಾವಿರದ ಐನೂರು ಪದ ಮೀರದಿರಲಿ. ಫ್ರೆಂಚ್ ಮಾತುಗಳನ್ನು ಕನ್ನಡ ಲಿಪಿಯಲ್ಲಿ ಬರೆದು, ಬಲ್ಲವರೊಬ್ಬರಿಂದ ಗಟ್ಟಿಯಾಗಿ ಓದಿಸಿ ಸರಿನೋಡಿ. ಶಾಂದಲರ್ ಹೊತ್ತಿಗೆ ಹಾಕಬೇಕೆಂದರೆ ಜನವರಿ ಮೊದಲ ವಾರದೊಳಗೆ ನಮ್ಮ ಕೈಸೇರಬೇಕು. ಕಳಿಸುವ ಮುನ್ನ ಮೇಲಿನ ಅಳತೆಯಲ್ಲಿ ಕ್ರೆಪ್ ಮಾಡಿ, ನಿಮ್ಮ ಬಾಣಲೆಯಲ್ಲಿ ಎಷ್ಟು ಬಂದವು ಎಂಬುದನ್ನೂ ಬರೆಯಿರಿ.

ಸಂಪಾದಕ ಬಳಗ