ದಿನಾ 20 ಕಿ.ಮೀ. ಓಡಾಟಕ್ಕೆ ಡೀಸೆಲ್ ಕಾರು ಬೇಕಾ?

ಬೆಂಗಳೂರಿನೊಳಗೆ ಆಫೀಸಿಗೆ ಹೋಗಿ ಬರಲು ದಿನಕ್ಕೆ 20 ಕಿ.ಮೀ. ಓಡಿಸುತ್ತೀರಾ? ಹಾಗಾದರೆ ಪೆಟ್ರೋಲ್ ಕಾರೇ ತಗೊಳ್ಳಿ.

ಲೆಕ್ಕ ನೋಡಿ. ತಿಂಗಳಿಗೆ 25 ದಿನ ಅಂದರೆ 500 ಕಿ.ಮೀ. ಆಯಿತು. ಪೆಟ್ರೋಲ್ ಕಾರು ಲೀಟರಿಗೆ 15 ಕಿ.ಮೀ., ಡೀಸೆಲ್ 20 ಕಿ.ಮೀ. ಕೊಡುತ್ತದೆ ಅಂದುಕೊಳ್ಳೋಣ. ಲೀಟರಿಗೆ 103 ಮತ್ತು 91 ರೂಪಾಯಿ ಹಿಡಿದರೆ ತಿಂಗಳಿಗೆ ಉಳಿಯುವುದು ಸುಮಾರು 1,150 ರೂಪಾಯಿ. ಡೀಸೆಲ್ ಕಾರಿಗೆ ಮೊದಲೇ 1.2 ಲಕ್ಷ ಜಾಸ್ತಿ ಕೊಟ್ಟಿದ್ದರೆ ಅದು ವಾಪಸ್ ಬರಲು ಎಂಟೂವರೆ ವರ್ಷಕ್ಕಿಂತ ಜಾಸ್ತಿ ಬೇಕು!

ದುಡ್ಡಿಗಿಂತ ದೊಡ್ಡ ತಲೆನೋವು ಡಿಪಿಎಫ್. 2020ರ ಏಪ್ರಿಲ್‌ನಿಂದ ಬಂದ ಬಿಎಸ್6 (ಹೊಗೆ ಮಾಲಿನ್ಯದ ಹೊಸ ನಿಯಮ) ಡೀಸೆಲ್ ಕಾರುಗಳಲ್ಲಿ ಹೊಗೆಯ ಮಸಿ ಹಿಡಿಯುವ ಫಿಲ್ಟರ್ ಇದು. ಮಸಿ ಸುಟ್ಟುಹೋಗಲು ಸೈಲೆನ್ಸರ್ ಕಡೆ ಬರುವ ಹೊಗೆ ಚೆನ್ನಾಗಿ ಬಿಸಿಯಾಗಬೇಕು. ಸಿಲ್ಕ್ ಬೋರ್ಡ್ ಟ್ರಾಫಿಕ್ಕಿನಲ್ಲಿ ತೆವಳುವ ಗಾಡಿಗೆ ಆ ಬಿಸಿ ಎಲ್ಲಿಂದ ಬರಬೇಕು? ನನ್ನ ಗೆಳೆಯ ಡ್ಯಾಶ್‌ಬೋರ್ಡಿನ ಮಸಿ ತುಂಬಿದಾಗ ಹೊತ್ತುವ ಹಳದಿ ದೀಪ ಆರಿಸೋಕೆ ಅಂತಲೇ ಭಾನುವಾರ ಸುಮ್ನೆ ತುಮಕೂರು ರಸ್ತೆಯಲ್ಲಿ ಗಾಡಿ ಓಡಿಸಿಕೊಂಡು ಬರುತ್ತಾನೆ. ಉಳಿಸಿದ ಡೀಸೆಲ್ ಅಲ್ಲೇ ಖರ್ಚು!

ವಾರವಾರ ಮಂಗಳೂರಿಗೋ ಹುಬ್ಬಳ್ಳಿಗೋ ಹೋಗುವವರಾದರೆ ಮಾತು ಬೇರೆ. ಜನ ತುಂಬಿಕೊಂಡು ಶಿರಾಡಿ ಘಾಟಿ ಹತ್ತುವಾಗ ಡೀಸೆಲ್ ಎಂಜಿನ್ನಿನ ಎಳೆತ ನಿಜಕ್ಕೂ ಖುಷಿ ಕೊಡುತ್ತದೆ.