ನಿಲ್ಲು ಅಂದರೆ ನಿಲ್ಲದ ನಾಯಿ

ಈ ತಿಂಗಳು ಬಂದ ಪತ್ರಗಳನ್ನು ಮೇಜಿನ ಮೇಲೆ ಹರಡಿಕೊಂಡು ಕೂತಾಗ ನಗು ಬಂತು. ಒಬ್ಬರು ಅಜಿಲಿಟಿ, ಅಂದರೆ ನಾಯಿ ಅಡೆತಡೆಗಳನ್ನು ದಾಟುತ್ತಾ ಓಡುವ ಆಟದ ಬಗ್ಗೆ ಕೇಳಿದ್ದಾರೆ, ಇನ್ನೊಬ್ಬರು ಒಬಿಡಿಯನ್ಸ್, ಅಂದರೆ ಹೇಳಿದ ಮಾತು ಕೇಳುವ ಪಾಠ, ಮತ್ತೊಬ್ಬರದು ಕುರಿ ಕಾಯುವ ನಾಯಿಯ ವಿಷಯ. ಆದರೆ ಮುಕ್ಕಾಲು ಪಾಲು ಪತ್ರಗಳ ಒಳದೂರು ಒಂದೇ. ನಾಯಿ ಓಡುತ್ತದೆ, ಹಾರುತ್ತದೆ, ಎಲ್ಲ ಮಾಡುತ್ತದೆ, ನಿಲ್ಲುವುದು ಮಾತ್ರ ಇಲ್ಲ. ನನ್ನ ಮನೆಯ ಎರಡು ನಾಯಿಗಳಲ್ಲಿ ಚುಕ್ಕಿ ಇದೇ ಪೈಕಿ. ಗುಂಡನಿಗೆ ಈಗ ವಯಸ್ಸಾಗಿದೆ, ಅವನ ಕಾಲದಲ್ಲಿ ಅವನೂ ಕಡಿಮೆ ಇರಲಿಲ್ಲ. ಹಾಗಾಗಿ ಕೆಳಗಿನ ಉತ್ತರಗಳಲ್ಲಿ ಅರ್ಧ ನಾನು ಎಡವಿ ಕಲಿತದ್ದು.

ಪ್ರಶ್ನೆ: ನಮ್ಮ ಲ್ಯಾಬ್ರಡಾರ್ ಮರಿಗೆ ಏಳು ತಿಂಗಳು. ಸ್ಟೂಲ್, ಬಕೆಟ್, ಮಲಗಿರುವ ನನ್ನ ಗಂಡ, ಏನು ಸಿಕ್ಕರೂ ಹಾರುತ್ತದೆ. ಈಗಲೇ ಅಜಿಲಿಟಿ ಶುರು ಮಾಡಬಹುದೇ?

ಉತ್ತರ: ಶುರು ಮಾಡಿ, ಆದರೆ ಹಾರಿಸಬೇಡಿ. ಮರಿಯ ಉದ್ದ ಮೂಳೆಗಳ ತುದಿಯಲ್ಲಿ ಗ್ರೋತ್ ಪ್ಲೇಟ್ ಅನ್ನುವ ಮೆತ್ತಗಿನ ಭಾಗ ಇರುತ್ತದೆ. ಮೂಳೆ ಉದ್ದವಾಗುವುದು ಅಲ್ಲಿಂದಲೇ. ದೊಡ್ಡ ತಳಿಗಳಲ್ಲಿ ಅದು ಗಟ್ಟಿಯಾಗಲು ಒಂದು ವರ್ಷದ ಮೇಲೆ ಬೇಕು, ಕೆಲವಕ್ಕೆ ಒಂದೂವರೆ ವರ್ಷವೇ ಆಗುತ್ತದೆ. ಅಷ್ಟರೊಳಗೆ ಅಲ್ಲಿಗೆ ಏಟು ಬಿದ್ದರೆ ಕಾಲು ಸೊಟ್ಟಗೆ ಬೆಳೆಯುವ ಅಪಾಯ ಇದೆ. ನಾಯಿ ಸ್ಪರ್ಧೆಗಳ ನಿಯಮ ಮಾಡುವ ಬ್ರಿಟನ್ನಿನ ಕೆನಲ್ ಕ್ಲಬ್ 18 ತಿಂಗಳು ತುಂಬದ ನಾಯಿಯನ್ನು ಅಜಿಲಿಟಿ ಸ್ಪರ್ಧೆಗೆ ಸೇರಿಸಿಕೊಳ್ಳುವುದಿಲ್ಲ. ಅಮೆರಿಕನ್ ಕೆನಲ್ ಕ್ಲಬ್ಬಿನಲ್ಲಿ ಈ ಮಿತಿ 15 ತಿಂಗಳು.

ಅಲ್ಲಿಯವರೆಗೆ ಸುಮ್ನೆ ಕೂರಬೇಕಾಗಿಲ್ಲ. ಒಂದು ಏಣಿಯನ್ನು ನೆಲದ ಮೇಲೆ ಮಲಗಿಸಿ. ಅದರ ಮೆಟ್ಟಿಲುಗಳ ನಡುವೆ ಕಾಲಿಡುತ್ತಾ ಮರಿಯನ್ನು ನಿಧಾನವಾಗಿ ನಡೆಸಿ. ತನಗೆ ಹಿಂಗಾಲುಗಳೂ ಇವೆ ಅನ್ನುವುದು ಎಷ್ಟೋ ನಾಯಿಗಳ ಗಮನಕ್ಕೇ ಬಂದಿರುವುದಿಲ್ಲ. ಮುಂಗಾಲು ಹೋದ ಕಡೆ ಅವು ಹಿಂದಿನಿಂದ ಬರುತ್ತವೆ, ಅಷ್ಟೇ. ಮುಂದೆ ಕಿರಿದಾದ ಹಲಗೆಯ ಮೇಲೆ ನಡೆಯುವಾಗ ಇದೇ ಅಭ್ಯಾಸ ಕೈಹಿಡಿಯುತ್ತದೆ. ನೆಲದಲ್ಲಿಟ್ಟ ಕೋಲನ್ನು ದಾಟಿಸಿ. ಗಿಡ್ಡ, ನೇರವಾದ ಟನಲ್ಲಿನಲ್ಲಿ ಓಡಾಡಿಸಿ. ಆ ಕಡೆಯ ಬೆಳಕು ಕಾಣುವಂತಿರಲಿ, ಬಾಗಿದ ಟನಲ್ ಆಮೇಲೆ. ಇವೆಲ್ಲದರ ಜೊತೆಗೆ, ಓಟದ ಮಧ್ಯೆ ‘ನಿಲ್ಲು’ ಅಂದರೆ ನಿಲ್ಲುವುದನ್ನು ಕಲಿಸಿ.

ನಿಮ್ಮ ಯಜಮಾನರ ಮೇಲೆ ಹಾರುವುದನ್ನು ಮಾತ್ರ ಇವತ್ತೇ ಬಿಡಿಸಿ. ಈಗ ನಗು ಬರುತ್ತದೆ, ಮೂವತ್ತು ಕಿಲೋ ಆದ ಮೇಲೆ ಅವರಿಗೆ ನಗು ಬರುವುದಿಲ್ಲ.

ಪ್ರಶ್ನೆ: ಮನೆಯಲ್ಲಿ ‘ಸಿಟ್’ ಅಂದ ತಕ್ಷಣ ಕೂರುವ ನಾಯಿ ಮೈದಾನಕ್ಕೆ ಹೋದರೆ ಕಿವಿಯೇ ಇಲ್ಲದಂತೆ ಆಡುತ್ತದೆ. ಐದಾರು ಸಲ ಕೂಗಬೇಕು. ಬೇಕಂತಲೇ ಮಾಡುತ್ತಿದೆಯಾ?

ಉತ್ತರ: ಬೇಕಂತ ಅಲ್ಲ. ನೀವು ‘ಸಿಟ್’ ಕಲಿಸಿದ್ದೇನೆ ಅಂದುಕೊಂಡಿದ್ದೀರಿ. ನಾಯಿ ಕಲಿತದ್ದು ಬೇರೆ. ಅಡುಗೆಮನೆಯಲ್ಲಿ, ನೀವು ಎದುರಿಗೆ ನಿಂತು, ಒಂದು ಕೈಯನ್ನು ಎದೆಯ ಹತ್ತಿರ ತಂದು, ತುಸು ಮುಂದಕ್ಕೆ ಬಾಗಿದಾಗ ಕೂರಬೇಕು ಅಂತ ಅದು ಕಲಿತಿದೆ. ಮಾತು ಅದರಲ್ಲಿ ಒಂದು ಸಣ್ಣ ಭಾಗ, ಅಷ್ಟೇ.

ನಂಬಿಕೆ ಬರದಿದ್ದರೆ ಈಗಲೇ ಒಂದು ಪರೀಕ್ಷೆ ಮಾಡಿ. ನಾಯಿಗೆ ಬೆನ್ನು ಹಾಕಿ ನಿಂತು ‘ಸಿಟ್’ ಅನ್ನಿ. ಆಮೇಲೆ ಕುರ್ಚಿಯಲ್ಲಿ ಕೂತು ಹೇಳಿ. ಕೊನೆಗೆ ನೆಲದ ಮೇಲೆ ಅಂಗಾತ ಮಲಗಿ ಹೇಳಿ. ಚುಕ್ಕಿಗೆ ಎರಡು ವರ್ಷ ಆಗಿದ್ದಾಗ, ಅವಳಿಗೆ ಎಲ್ಲ ಬರುತ್ತದೆ ಅಂತ ನಾನು ಜಂಬ ಕೊಚ್ಚಿಕೊಳ್ಳುತ್ತಿದ್ದ ಕಾಲದಲ್ಲಿ, ಹೀಗೆ ಮಲಗಿಕೊಂಡು ‘ಸಿಟ್’ ಅಂದೆ. ಅವಳು ಹತ್ತಿರ ಬಂದು ನನ್ನ ಮೂಗು ಮೂಸಿದಳು. ಬದುಕಿದ್ದೇನೋ ಇಲ್ಲವೋ ಅಂತ ನೋಡಿದಂತಿತ್ತು. ಕೂರಲಿಲ್ಲ.

ಹಾಗಾಗಿ ಒಂದೇ ಪಾಠವನ್ನು ಬೇರೆ ಬೇರೆ ಜಾಗದಲ್ಲಿ ಮೊದಲಿನಿಂದ ಕಲಿಸಬೇಕು. ಅಡುಗೆಮನೆ, ವರಾಂಡ, ಗೇಟಿನ ಒಳಗೆ, ಗೇಟಿನ ಹೊರಗೆ, ಖಾಲಿ ಮೈದಾನ, ಆಮೇಲೆ ಜನ ಇರುವ ಮೈದಾನ. ಎರಡನೇ ಜಾಗದಲ್ಲಿ ಮೊದಲನೆಯದಕ್ಕಿಂತ ಬೇಗ ಕಲಿಯುತ್ತದೆ, ಐದನೆಯದರಲ್ಲಿ ಇನ್ನೂ ಬೇಗ. ನೀವು ಅಡುಗೆಮನೆಯಿಂದ ಸೀದಾ ಜನ ತುಂಬಿದ ಮೈದಾನಕ್ಕೆ ಜಿಗಿದಿದ್ದೀರಿ, ಅಲ್ವಾ?

‘ಸ್ಟೇ’ ಕಲಿಸುವಾಗಲೂ ಇದೇ ಕಥೆ. ಅದರಲ್ಲಿ ಮೂರು ಕಷ್ಟಗಳಿವೆ. ಎಷ್ಟು ಹೊತ್ತು, ನೀವು ಎಷ್ಟು ದೂರ, ಸುತ್ತ ಎಷ್ಟು ಗಲಾಟೆ. ಒಂದು ಸಲಕ್ಕೆ ಒಂದನ್ನು ಮಾತ್ರ ಹೆಚ್ಚಿಸಿ. ಒಂದನ್ನು ಹೆಚ್ಚಿಸಿದಾಗ ಉಳಿದೆರಡನ್ನು ಇಳಿಸಿ. ಪಕ್ಕದಲ್ಲಿ ನಿಂತಾಗ ಒಂದು ನಿಮಿಷ ಕೂರುವ ನಾಯಿ, ನೀವು ಹತ್ತು ಹೆಜ್ಜೆ ದೂರ ಹೋದರೆ ಐದು ಸೆಕೆಂಡ್ ಕೂತರೂ ಸಾಕು. ಮುಗಿದ ಮೇಲೆ ದೂರದಿಂದಲೇ ‘ಬಾ’ ಅಂತ ಕರೆಯಬೇಡಿ. ನೀವೇ ವಾಪಸ್ ಹೋಗಿ, ಅದು ಕೂತಿರುವಾಗಲೇ ಟ್ರೀಟ್ ಕೊಡಿ. ಇಲ್ಲದಿದ್ದರೆ ನಾಯಿ ‘ಸ್ಟೇ’ ಅಂದರೆ ‘ಎದ್ದು ಓಡಲು ರೆಡಿಯಾಗು’ ಅಂತ ತಿಳಿದುಕೊಳ್ಳುತ್ತದೆ. ಪಿರ್ರೆ ಎತ್ತಿಕೊಂಡೇ ಕಾಯುವ ನಾಯಿಗಳನ್ನು ನೋಡಿರುತ್ತೀರಿ, ಕಾರಣ ಇದೇ.

ಇನ್ನು ಐದಾರು ಸಲ ಕೂಗುವ ವಿಷಯ. ಐದು ಸಲ ಹೇಳಿದರೆ ಆಜ್ಞೆಯ ಹೆಸರೇ ‘ಸಿಟ್‌ಸಿಟ್‌ಸಿಟ್‌ಸಿಟ್‌ಸಿಟ್’ ಅಂತಾಗುತ್ತದೆ. ಒಂದು ಸಲ ಹೇಳಿ, ಬಾಯಿ ಮುಚ್ಚಿಕೊಂಡು ಮೂರು ಎಣಿಸಿ. ಕೂರಲಿಲ್ಲವಾ? ಇಪ್ಪತ್ತು ಹೆಜ್ಜೆ ಹಿಂದಕ್ಕೆ, ಗಲಾಟೆ ಕಡಿಮೆ ಇರುವ ಕಡೆ ಕರೆದುಕೊಂಡು ಹೋಗಿ ಮತ್ತೆ ಹೇಳಿ. ನನ್ನ ಲೆಕ್ಕ ಸರಳ. ಐದರಲ್ಲಿ ನಾಲ್ಕು ಸರಿಯಾದರೆ ಕಷ್ಟ ಹೆಚ್ಚಿಸುತ್ತೇನೆ. ಎರಡು ತಪ್ಪಾದರೆ ಇಳಿಸುತ್ತೇನೆ. ಬೈಗುಳಕ್ಕೆ ಈ ಲೆಕ್ಕದಲ್ಲಿ ಜಾಗ ಇಲ್ಲ.

ಪ್ರಶ್ನೆ: ನಮ್ಮದು ಪೂಡಲ್. ಒಬಿಡಿಯನ್ಸ್ ಕಲಿಸುತ್ತೇನೆ ಅಂದರೆ, ಅದೆಲ್ಲ ಜರ್ಮನ್ ಶೆಫರ್ಡ್‌ಗೆ ಅಂತ ನಗುತ್ತಾರೆ.

ಉತ್ತರ: ನಗುವವರಿಗೆ ಇದನ್ನು ಹೇಳಿ. 1933ರಲ್ಲಿ ಅಮೆರಿಕದಲ್ಲಿ ಮೊದಲ ಒಬಿಡಿಯನ್ಸ್ ಪರೀಕ್ಷೆ ಏರ್ಪಡಿಸಿದವರು ಹೆಲೆನ್ ವೈಟ್‌ಹೌಸ್ ವಾಕರ್. ಅವರು ಸಾಕುತ್ತಿದ್ದದ್ದು ಪೂಡಲ್.

ಪ್ರಶ್ನೆ: ಅಜಿಲಿಟಿಯಲ್ಲಿ ನಮ್ಮ ನಾಯಿ ಬಲು ಚುರುಕು. ಆದರೆ ಎ-ಫ್ರೇಮ್ ಮತ್ತು ಡಾಗ್ ವಾಕ್ ಇಳಿಯುವಾಗ ಹಳದಿ ಭಾಗ ಮುಟ್ಟದೆ ಮೇಲಿಂದಲೇ ನೆಗೆಯುತ್ತದೆ. ಪ್ರತಿ ಸಲ ಅಂಕ ಹೋಗುತ್ತದೆ.

ಉತ್ತರ: ಗೊತ್ತಿಲ್ಲದವರಿಗಾಗಿ ಒಂದು ಮಾತು. ಎ-ಫ್ರೇಮ್ ಅಂದರೆ ಎರಡು ಅಗಲ ಹಲಗೆಗಳನ್ನು ಗುಡಿಸಲಿನ ಮಾಡಿನ ಹಾಗೆ ಜೋಡಿಸಿದ್ದು. ಡಾಗ್ ವಾಕ್ ಅಂದರೆ ಹತ್ತಿ, ನಡೆದು, ಇಳಿಯುವ ಕಿರಿದಾದ ಸೇತುವೆ, ಸುಮಾರು ನಾಲ್ಕು ಅಡಿ ಎತ್ತರ. ಇವುಗಳ ಕೆಳತುದಿಗೆ ಬೇರೆ ಬಣ್ಣ, ಸಾಮಾನ್ಯವಾಗಿ ಹಳದಿ, ಬಳಿದಿರುತ್ತಾರೆ. ಇಳಿಯುವಾಗ ಅಲ್ಲಿ ಕಾಲಿಡಲೇಬೇಕು. ಇದು ಬರೀ ಅಂಕದ ಆಟ ಅಲ್ಲ. ವೇಗದಲ್ಲಿ ಮೇಲಿಂದ ನೆಗೆದರೆ ಏಟು ಬೀಳುವುದು ನಾಯಿಯ ಭುಜಕ್ಕೆ.

ನಾನು ಕಲಿಸುವುದು ಹಳೆಯ ದಾರಿ. ಹಿಂಗಾಲು ಎರಡೂ ಹಲಗೆಯ ಮೇಲೆ, ಮುಂಗಾಲು ಎರಡೂ ನೆಲದ ಮೇಲೆ. ಹಾಗೆ ಇಳಿದು ನಿಲ್ಲಬೇಕು, ನೀವು ‘ಹೋಗು’ ಅಂತ ಬಿಡುವ ಮಾತು ಹೇಳುವವರೆಗೆ. ಇದನ್ನು ಎ-ಫ್ರೇಮಿನ ಮೇಲೆ ಶುರು ಮಾಡಬೇಡಿ. ನೆಲದಿಂದ ನಾಲ್ಕು ಬೆರಳು ಎತ್ತರದ ಹಲಗೆ ಸಾಕು. ಮನೆಯ ಕೊನೆಯ ಮೆಟ್ಟಿಲೂ ಆದೀತು. ಟ್ರೀಟನ್ನು ನೆಲದ ಹತ್ತಿರ, ಎರಡು ಮುಂಗಾಲುಗಳ ನಡುವೆ ಕೊಡಿ. ಮೇಲಿಂದ ಕೊಟ್ಟರೆ ನಾಯಿ ತಲೆ ಎತ್ತುತ್ತದೆ, ತಲೆ ಎತ್ತಿದರೆ ಹಿಂಗಾಲು ಜಾರುತ್ತದೆ.

ಇಷ್ಟೆಲ್ಲ ಮಾಡಿಯೂ ಚುಕ್ಕಿ ಒಂದು ವರ್ಷ ನೆಗೆಯುತ್ತಲೇ ಇದ್ದಳು. ಅಭ್ಯಾಸದಲ್ಲಿ ನಿಲ್ಲುವವಳು ಸ್ಪರ್ಧೆಯಲ್ಲಿ ನಿಲ್ಲುತ್ತಿರಲಿಲ್ಲ. ಕೊನೆಗೆ ಒಬ್ಬ ಗೆಳತಿ ಮೊಬೈಲಿನಲ್ಲಿ ವಿಡಿಯೊ ಮಾಡಿ ತೋರಿಸಿದಳು, ಅದೂ ನಿಧಾನಗತಿಯಲ್ಲಿ. ನನ್ನ ಬಾಯಿಂದ ‘ಹೋಗು’ ಬರುವ ಮೊದಲೇ ನನ್ನ ಎಡ ಭುಜ ಮುಂದಿನ ಹರ್ಡಲ್ ಕಡೆ ತಿರುಗುತ್ತಿತ್ತು. ಚುಕ್ಕಿ ಮಾತಿಗೆ ಕಾಯುತ್ತಲೇ ಇರಲಿಲ್ಲ, ಭುಜಕ್ಕೆ ಕಾಯುತ್ತಿದ್ದಳು. ಸ್ಪರ್ಧೆಯಲ್ಲಿ ನನಗೆ ಅವಸರ ಜಾಸ್ತಿ, ಭುಜ ಇನ್ನೂ ಬೇಗ ತಿರುಗುತ್ತಿತ್ತು. ಅಂಕ ಕಳೆದವಳು ನಾನು. ಬಿಸ್ಕತ್ತು ತಪ್ಪಿದ್ದು ಅವಳಿಗೆ.

ಆಮೇಲೆ ಆರು ವಾರ ಒಂದೇ ಕೆಲಸ. ಅವಳು ಹಲಗೆಯ ತುದಿಯಲ್ಲಿ ನಿಂತಿರುವಾಗ ನಾನು ಕೈ ಬೀಸಿದೆ, ಓಡಿದೆ, ಕೆಮ್ಮಿದೆ, ಕೂತೆ, ‘ಹೋಳಿಗೆ’ ‘ಹೋರಿ’ ಅಂತ ‘ಹೋಗು’ವಿನ ಹಾಗೆ ಕೇಳಿಸುವ ಮಾತು ಹೇಳಿದೆ. ನಿಂತೇ ಇದ್ದರೆ ಟ್ರೀಟ್. ಎದ್ದರೆ ಬೈಗುಳವಿಲ್ಲ, ಸುಮ್ನೆ ಮತ್ತೆ ಮೊದಲಿಂದ. ನೋಡಿದವರಿಗೆ ನನಗೆ ತಲೆ ಕೆಟ್ಟಿದೆ ಅನ್ನಿಸಿರಬೇಕು. ನೀವೂ ಮೊದಲು ಒಂದು ವಿಡಿಯೊ ಮಾಡಿಸಿ. ನಾಯಿಯನ್ನಲ್ಲ, ನಿಮ್ಮನ್ನು.

ಪ್ರಶ್ನೆ: ಅಜಿಲಿಟಿಯ ಸೀಸಾ, ಅಂದರೆ ಏರಿಳಿಯುವ ಹಲಗೆ, ಒಮ್ಮೆ ಧಡಾರಂತ ಬಿತ್ತು. ಅವತ್ತಿನಿಂದ ನಾಯಿ ಅದರ ಹತ್ತಿರವೂ ಹೋಗುತ್ತಿಲ್ಲ.

ಉತ್ತರ: ಎಳೆದುಕೊಂಡು ಹೋಗಬೇಡಿ. ಹೆದರಿಕೆ ಎರಡು ತರಹ: ಸದ್ದಿನದು ಮತ್ತು ಕಾಲಡಿಯ ಅಲುಗಾಟದ್ದು. ಬೇರೆ ಬೇರೆ ಬಿಡಿಸಿ. ಹಲಗೆ ಬೀಳುವ ಕಡೆ ದಪ್ಪ ಹಾಸಿಗೆ ಹಾಕಿ, ನೀವೇ ಕೈಯಿಂದ ಮೆತ್ತಗೆ ಬೀಳಿಸುತ್ತಾ ದೂರದಲ್ಲಿರುವ ನಾಯಿಗೆ ಟ್ರೀಟ್ ಸಿಗುವಂತೆ ಮಾಡಿ. ಇನ್ನೊಂದು ದಿನ, ಸಣ್ಣ ಹಲಗೆಯ ಕೆಳಗೆ ಒಂದು ಕೋಲಿಟ್ಟು ಅಂಗುಲದಷ್ಟು ಮಾತ್ರ ಅಲುಗಾಡಿಸಿ. ಎರಡಕ್ಕೂ ಬಾಲ ಆಡಿಸಿದ ಮೇಲೆ ಮಾತ್ರ ಎರಡನ್ನೂ ಸೇರಿಸಿ.

ಪ್ರಶ್ನೆ: ನಮ್ಮ ಬಾರ್ಡರ್ ಕೋಲಿಗೆ ಒಂದೂವರೆ ವರ್ಷ. ಮಕ್ಕಳು ಅಂಗಳದಲ್ಲಿ ಓಡಿದರೆ ಸುತ್ತು ಹಾಕಿ ಮೂಲೆಗೆ ಸೇರಿಸುತ್ತದೆ, ಹಿಮ್ಮಡಿ ಕಚ್ಚುತ್ತದೆ. ರಕ್ತ ಬಂದಿಲ್ಲ. ಇದನ್ನು ಕುರಿ ಕಾಯಲು ಕಲಿಸಿದರೆ ಸರಿಹೋಗುತ್ತಾ? ನಮ್ಮ ಹತ್ತಿರ ಕುರಿ ಇಲ್ಲ.

ಉತ್ತರ: ನಿಮ್ಮ ನಾಯಿ ತುಂಟತನ ಮಾಡುತ್ತಿಲ್ಲ, ಕೆಲಸ ಮಾಡುತ್ತಿದೆ. ಬೇಟೆಯಾಡುವ ಪ್ರಾಣಿ ದಿಟ್ಟಿಸುತ್ತದೆ, ಬಗ್ಗಿ ಹೊಂಚುತ್ತದೆ, ಅಟ್ಟಿಸಿಕೊಂಡು ಹೋಗುತ್ತದೆ, ಕಚ್ಚುತ್ತದೆ, ಕೊಲ್ಲುತ್ತದೆ. ಮಂದೆ ಕಾಯುವ ನಾಯಿಗಳಲ್ಲಿ ಮೊದಲ ಮೂರನ್ನು ಜನ ತಲೆಮಾರುಗಟ್ಟಲೆ ಆರಿಸಿ ಬೆಳೆಸಿದರು, ಕೊನೆಯದನ್ನು ಅಡಗಿಸಿದರು. ಈಗಿನ ಬಾರ್ಡರ್ ಕೋಲಿಗಳಲ್ಲಿ ಹೆಚ್ಚುಕಮ್ಮಿ ಎಲ್ಲವೂ 1893ರಲ್ಲಿ ಹುಟ್ಟಿದ ‘ಓಲ್ಡ್ ಹೆಂಪ್’ ಅನ್ನುವ ನಾಯಿಯ ವಂಶ. ಆ ನಾಯಿ ಬೊಗಳದೆ, ಬರೀ ಕಣ್ಣಿನಿಂದ ಕುರಿಗಳನ್ನು ತಳ್ಳುತ್ತಿತ್ತು ಅಂತ ಹೆಸರಾಗಿತ್ತು. ನಿಮ್ಮ ಅಂಗಳದಲ್ಲಿ ಆ ಕಣ್ಣೇ ಕೆಲಸ ಮಾಡುತ್ತಿರುವುದು. ಮಕ್ಕಳು ಕುರಿಗಳಂತೆ ಗುಂಪಾಗಿ ನಡೆಯುವುದಿಲ್ಲ, ಕಿರುಚುತ್ತಾ ಚದುರುತ್ತಾರೆ. ಆಗ ಅದಕ್ಕೆ ಉಳಿದ ದಾರಿ ಹಿಮ್ಮಡಿ.

ಆದರೆ ರಕ್ತ ಬಂದಿಲ್ಲ ಅಂತ ಬಿಡಬೇಡಿ. ಮಕ್ಕಳು ಓಡುವ ಹೊತ್ತಿನಲ್ಲಿ ನಾಯಿ ಬೆಲ್ಟಿನಲ್ಲಿರಲಿ ಅಥವಾ ಒಳಗಿರಲಿ. ಅದು ದಿಟ್ಟಿಸಲು ಶುರು ಮಾಡಿದ ಕ್ಷಣದಲ್ಲೇ ಕರೆದು ಮಲಗಿಸಿ, ಬೇರೆ ಕೆಲಸ ಕೊಡಿ. ಅಟ್ಟಿಸಿಕೊಂಡು ಹೋದ ಮೇಲೆ ಕರೆದರೆ ನಿಮ್ಮ ಮಾತು ಕೇಳಿಸುವುದೇ ಇಲ್ಲ.

ಕುರಿ ಕಲಿಸಿದರೆ ಮಕ್ಕಳನ್ನು ಬಿಡುತ್ತದೆ ಅನ್ನುವ ಭರವಸೆ ನಾನು ಕೊಡುವುದಿಲ್ಲ. ಕಲಿಸಿದರೆ ಸಿಗುವುದು ಒಂದು ಗಟ್ಟಿ ಬ್ರೇಕ್. ಹರ್ಡಿಂಗ್‌ನಲ್ಲಿ, ಅಂದರೆ ಮಂದೆ ಕಾಯುವ ಕೆಲಸದಲ್ಲಿ, ‘ಕಮ್ ಬೈ’ ಅಂದರೆ ಕುರಿಗಳನ್ನು ಗಡಿಯಾರದ ಮುಳ್ಳಿನಂತೆ ಸುತ್ತುವುದು, ‘ಅವೇ’ ಅಂದರೆ ಅದಕ್ಕೆ ಎದುರು ದಿಕ್ಕು. ಇವೆರಡನ್ನು ನಾಯಿ ಬೇಗ ಹಿಡಿಯುತ್ತದೆ. ನೀವು ಕುರಿಗಳ ಒಂದು ಕಡೆ ನಿಂತರೆ ತಾನಾಗಿಯೇ ಎದುರು ಕಡೆಗೆ ಹೋಗಿ ನಿಲ್ಲುತ್ತದೆ. ಬೆವರಿಳಿಸುವುದು ‘ಲೈ ಡೌನ್’. ಎದುರಿಗೆ ಕುರಿಗಳು ಓಡುತ್ತಿರುವಾಗ ಮಲಗಬೇಕು! ಕುರಿಯ ಮುಖ ತೋರಿಸುವ ಮೊದಲು ಇದನ್ನು ಚೆಂಡಿನ ಜೊತೆ ಗಟ್ಟಿ ಮಾಡಿ. ಚೆಂಡು ಎಸೆಯಿರಿ, ನಾಯಿ ಅರ್ಧ ದಾರಿ ಹೋದಾಗ ‘ಡೌನ್’ ಅನ್ನಿ. ಮಲಗಿದ ತಕ್ಷಣ ಮತ್ತೆ ಓಡಲು ಬಿಡಿ. ಇಲ್ಲಿ ಬಿಸ್ಕತ್ತಿಗಿಂತ ಆ ಓಟವೇ ಅದಕ್ಕೆ ದೊಡ್ಡ ಬಹುಮಾನ.

ಕುರಿ ಇಲ್ಲದವರಿಗೆ ಜರ್ಮನಿಯಲ್ಲಿ ಶುರುವಾದ ಟ್ರೈಬಾಲ್ ಅನ್ನುವ ಆಟ ಇದೆ. ವ್ಯಾಯಾಮಕ್ಕೆ ಬಳಸುವಂಥ ಎಂಟು ದೊಡ್ಡ ಗಾಳಿಚೆಂಡುಗಳನ್ನು ನಾಯಿ ಮೂಗಿನಿಂದ ತಳ್ಳಿ ಗೋಲಿಗೆ ಸೇರಿಸಬೇಕು. ಚೆಂಡಿಗೆ ಹಿಮ್ಮಡಿ ಇಲ್ಲ, ಅದೊಂದು ಸಮಾಧಾನ. ನಿಜವಾದ ಕುರಿಗಳ ಹತ್ತಿರ ಹೋದರೆ ಅನುಭವಿಗಳ ಜೊತೆಗೇ ಹೋಗಿ, ಹೊಸ ನಾಯಿ ಉದ್ದ ಹಗ್ಗದಲ್ಲಿರಲಿ. ಅಟ್ಟಾಡಿಸಿಕೊಂಡ ಕುರಿ ಸುಸ್ತಾಗಿ ಸಾಯಬಹುದು.

ಇನ್ನೊಂದು ವಿಷಯ, ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಕೋಲಿ ಜಾತಿಯ ಎಷ್ಟೋ ನಾಯಿಗಳಲ್ಲಿ ಎಂಡಿಆರ್1 ಅನ್ನುವ ಜೀನಿನ ದೋಷ ಇರುತ್ತದೆ. ಅಂಥವಕ್ಕೆ ಕುರಿಗಳಿಗೆ ಕೊಡುವ ಐವರ್‌ಮೆಕ್ಟಿನ್ ಔಷಧ ಜಾಸ್ತಿ ಹೊಟ್ಟೆಗೆ ಹೋದರೆ ಪ್ರಾಣಕ್ಕೇ ಅಪಾಯ. ಔಷಧ ತಿಂದ ಕುರಿಯ ಹಿಕ್ಕೆ ತಿಂದರೂ ತೊಂದರೆಯೇ. ನಾಯಿಗಳು ಹಿಕ್ಕೆಯನ್ನು ಎಷ್ಟು ಪ್ರೀತಿಯಿಂದ ತಿನ್ನುತ್ತವೆ ಅಂತ ನಿಮಗೇ ಗೊತ್ತು.

ಪ್ರಶ್ನೆ: ಶಾಕ್ ಕಾಲರ್ ಹಾಕಿದರೆ ಬೇಗ ಕಲಿಯುತ್ತಂತೆ, ಹೌದಾ?

ಉತ್ತರ: ಹೆದರುವುದನ್ನು ಬೇಗ ಕಲಿಯುತ್ತದೆ. ಯಾವುದಕ್ಕೆ ಹೆದರಬೇಕು ಅನ್ನುವುದನ್ನು ನಾಯಿಯೇ ತೀರ್ಮಾನಿಸುತ್ತದೆ, ನೀವಲ್ಲ. ಶಾಕ್ ಹೊಡೆದಾಗ ಎದುರಿಗೆ ಒಂದು ಮಗು ಇದ್ದರೆ ಮಗುವಿಗೇ ಹೆದರಬಹುದು. ಬ್ರಿಟನ್ನಿನಲ್ಲಿ ಮೊದಲ ಕುರಿನಾಯಿ ಸ್ಪರ್ಧೆ ಅಂತ ದಾಖಲಾಗಿರುವುದು 1873ರಲ್ಲಿ ವೇಲ್ಸಿನ ಬಾಲಾದಲ್ಲಿ ನಡೆದದ್ದು. ಅದೇ ವೇಲ್ಸಿನಲ್ಲಿ 2010ರಿಂದ ಶಾಕ್ ಕಾಲರ್ ಬಳಸುವುದು ಕಾನೂನಿಗೆ ವಿರುದ್ಧ.

ಪ್ರಶ್ನೆ: ಕೈಯಲ್ಲಿ ಟ್ರೀಟ್ ಕಂಡರೆ ಮಾತ್ರ ಹೇಳಿದ್ದು ಮಾಡುತ್ತದೆ. ಲಂಚಕ್ಕೆ ಒಗ್ಗಿದೆ.

ಉತ್ತರ: ಮೊದಲು ತೋರಿಸಿದರೆ ಲಂಚ, ಮಾಡಿದ ಮೇಲೆ ಕೊಟ್ಟರೆ ಸಂಬಳ. ಟ್ರೀಟನ್ನು ಜೇಬಿನಲ್ಲೂ ಇಡಬೇಡಿ, ಕಪಾಟಿನ ಮೇಲಿಡಿ. ಕೂತ ಕ್ಷಣದಲ್ಲಿ ‘ಶಭಾಷ್’ ಅನ್ನಿ, ಆಮೇಲೆ ಇಬ್ಬರೂ ಕಪಾಟಿನವರೆಗೆ ಓಡಿ. ‘ಶಭಾಷ್’ ತಡವಾಗಬಾರದು, ಟ್ರೀಟ್ ನಾಲ್ಕು ಸೆಕೆಂಡ್ ತಡವಾದರೆ ಪರವಾಗಿಲ್ಲ.

ಪ್ರಶ್ನೆ: ನಮ್ಮ ನಾಯಿಗೆ ಒಂಬತ್ತು ವರ್ಷ. ಈಗ ಏನಾದರೂ ಹೊಸದು ಕಲಿಯುತ್ತಾ?

ಉತ್ತರ: ಮೊದಲು ಡಾಕ್ಟರಿಗೆ ತೋರಿಸಿ, ತೂಕ ಮತ್ತು ಸಂದು ನೋಡಿಸಿ. ಹಾರುವುದು, ಎ-ಫ್ರೇಮ್ ಬೇಡ. ಟನಲ್, ನೆಲದ ಕೋಲು, ಒಬಿಡಿಯನ್ಸ್ ಎಲ್ಲ ಆಗುತ್ತದೆ, ಒಂದು ಸಲಕ್ಕೆ ಐದು ನಿಮಿಷ.

ನಮ್ಮ ಗುಂಡ ಹನ್ನೊಂದನೇ ವರ್ಷದಲ್ಲಿ ಬಲಗಡೆ ಹೀಲ್, ಅಂದರೆ ನನ್ನ ಬಲಕ್ಕೆ ಅಂಟಿಕೊಂಡು ನಡೆಯುವುದನ್ನು ಕಲಿತ. ಎಲ್ಲ ನಾಯಿಗಳಂತೆ ಅವನಿಗೂ ಎಡಗಡೆ ನಡೆದು ಅಭ್ಯಾಸ. ಬಲಗಣ್ಣಿಗೆ ಪೊರೆ ಬಂದ ಮೇಲೆ ಆ ಕಡೆಯಿಂದ ನನ್ನ ಮುಖ ಕಾಣುತ್ತಿರಲಿಲ್ಲ, ಹೆಜ್ಜೆ ತಪ್ಪುತ್ತಿತ್ತು. ಹತ್ತು ದಿನ ಹಿಡಿಯಿತು. ಈಗಲೂ ಒಮ್ಮೊಮ್ಮೆ ಮರೆತು ಎಡಕ್ಕೆ ಬರುತ್ತಾನೆ, ನನ್ನ ಮೊಣಕಾಲಿಗೆ ಡಿಕ್ಕಿ ಹೊಡೆಯುತ್ತಾನೆ, ಒಂದು ಕ್ಷಣ ನಿಲ್ಲುತ್ತಾನೆ, ಆಮೇಲೆ ಹಿಂದಿನಿಂದ ಸುತ್ತಿ ಬಲಕ್ಕೆ ಹೋಗುತ್ತಾನೆ.