ವಾಹನ ಜಿಜ್ಞಾಸೆ: ಮೂರು ಸಿಲಿಂಡರೋ, ನಾಲ್ಕೋ?

ಪ್ರಶ್ನೆ: ನಮ್ಮ ಹಳೆಯ ಸ್ವಿಫ್ಟ್ ಕಾರಿನದು ನಾಲ್ಕು ಸಿಲಿಂಡರಿನ ಪೆಟ್ರೋಲ್ ಎಂಜಿನ್. ಈಗಿನ ಮಾದರಿಯಲ್ಲಿ ಸಿಸಿ ಅಷ್ಟೇ ಇದ್ದರೂ ಸಿಲಿಂಡರ್ ಮೂರೇ ಎನ್ನುತ್ತಾರೆ. ಒಂದು ಕಡಿಮೆಯಾದರೆ ಘಾಟಿಯಲ್ಲಿ ಕಾರು ಏದುಸಿರು ಬಿಡುವುದಿಲ್ಲವೇ?
– ಓದುಗರೊಬ್ಬರು, ಬದಿಯಡ್ಕ

ಉತ್ತರ: ಸಿಲಿಂಡರ್ ಎಂದರೆ ಇಂಧನ ಉರಿಯುವ ಕೊಳವೆ, ಅದರೊಳಗೆ ಓಡಾಡುವ ತುಂಡು ಪಿಸ್ಟನ್. ಸಿಸಿ ಎಂಬುದು ಎಲ್ಲ ಪಿಸ್ಟನ್‌ಗಳೂ ಓಡಾಡುವ ಜಾಗದ ಒಟ್ಟು ಲೆಕ್ಕ. ಸುಮಾರು 1,200 ಸಿಸಿಯನ್ನು ನಾಲ್ಕು ಪಾಲು ಮಾಡಿದರೆ ಸಿಲಿಂಡರೊಂದಕ್ಕೆ 300, ಮೂರು ಪಾಲು ಮಾಡಿದರೆ 400 ಸಿಸಿ ಬರುತ್ತದೆ. ಒಳಗೆ ಉರಿಯುವ ಮಿಶ್ರಣದ ಮೊತ್ತ ಹೆಚ್ಚುಕಡಿಮೆ ಅಷ್ಟೇ. ನೀವು ಹೇಳುವ ಕಾರಿನ ಹಿಂದಿನ 1,197 ಸಿಸಿಯ ಎಂಜಿನ್ ಸುಮಾರು 90 ಪಿಎಸ್ (ಅಶ್ವಶಕ್ತಿಯ ಮೆಟ್ರಿಕ್ ಅಳತೆ) ಶಕ್ತಿ ಕೊಡುತ್ತಿತ್ತು. 2024ರಲ್ಲಿ ಬಂದ ಮೂರು ಸಿಲಿಂಡರಿನದು ಸುಮಾರು 82 ಪಿಎಸ್ ಕೊಡುತ್ತದೆ. ಆದರೆ ಏರಿನಲ್ಲಿ ಕೈಹಿಡಿಯುವ ತಿರುಗುಬಲ, ಅಂದರೆ ಟಾರ್ಕ್, 113 ನ್ಯೂಟನ್ ಮೀಟರಿನಿಂದ 112ಕ್ಕೆ ಇಳಿದಿದೆ ಅಷ್ಟೆ. ಪೆರ್ಲ ದಾಟಿ ಅಡ್ಕಸ್ಥಳದ ಕಡೆಗೆ ಹೋಗುವಾಗ ಈ ಒಂದು ಅಂಕೆಯ ವ್ಯತ್ಯಾಸ ಯಾರ ಕಾಲಿಗೂ ತಿಳಿಯದು. ಶಕ್ತಿ ಇಳಿದದ್ದು ಮೈಲೇಜಿಗೆ ಆದ್ಯತೆ ಕೊಟ್ಟು ಎಂಜಿನನ್ನು ರೂಪಿಸಿದ್ದರಿಂದಲೇ ಹೊರತು ಸಿಲಿಂಡರ್ ಕಡಿಮೆಯಾದುದರಿಂದ ಅಲ್ಲ. ಮೂರೇ ಸಿಲಿಂಡರಿನ 1.2 ಲೀಟರ್ ಎಂಜಿನ್‌ಗೆ, ಒಳಕ್ಕೆ ಹೆಚ್ಚು ಗಾಳಿ ಒತ್ತಿ ತುಂಬುವ ಟರ್ಬೊ ಜೋಡಿಸಿ ಟಾಟಾ ನೆಕ್ಸಾನ್ 120 ಪಿಎಸ್ ತೆಗೆಯುತ್ತಿದೆ.

ವ್ಯತ್ಯಾಸ ನಿಜವಾಗಿ ಗೊತ್ತಾಗುವುದು ನಡುಕದಲ್ಲಿ. ನಾಲ್ಕು ಸ್ಟ್ರೋಕಿನ ಎಂಜಿನ್‌ನಲ್ಲಿ ಒಂದು ಸಿಲಿಂಡರ್ ಹೀರುವುದು, ಒತ್ತುವುದು, ಉರಿಸಿ ದೂಡುವುದು, ಹೊಗೆ ಹೊರಹಾಕುವುದು ಎಂಬ ನಾಲ್ಕು ಕೆಲಸ ಮುಗಿಸುವಷ್ಟರಲ್ಲಿ, ಪಿಸ್ಟನ್‌ಗಳ ಓಟವನ್ನು ತಿರುಗಾಟವಾಗಿಸುವ ಕ್ರ್ಯಾಂಕ್ ಶಾಫ್ಟ್ ಎರಡು ಸುತ್ತು, ಅಂದರೆ 720 ಡಿಗ್ರಿ ತಿರುಗಿರುತ್ತದೆ. ಸಿಲಿಂಡರ್ ನಾಲ್ಕಿದ್ದರೆ ಪ್ರತಿ 180 ಡಿಗ್ರಿಗೆ ಒಂದು ದೂಡು ಸಿಗುವುದರಿಂದ ಒಂದು ಮುಗಿಯುವ ಹೊತ್ತಿಗೆ ಇನ್ನೊಂದು ಆರಂಭವಾಗುತ್ತದೆ. ಮೂರಿದ್ದರೆ 240 ಡಿಗ್ರಿಗೊಮ್ಮೆ. ನಡುವೆ ಯಾವ ಪಿಸ್ಟನ್ನೂ ದೂಡದ ಸಣ್ಣ ಬಿಡುವು ಉಳಿಯುತ್ತದೆ. ಅಲ್ಲದೆ ಎರಡು ತುದಿಯ ಪಿಸ್ಟನ್‌ಗಳ ಮೇಲುಕೆಳಗಿನ ಓಟ ಎಂಜಿನ್‌ನ ಎರಡು ತುದಿಗಳನ್ನೂ ಎತ್ತಿ ಇಳಿಸಲು ನೋಡುತ್ತದೆ. ಗೇರ್ ಹಾಕದೆ ಸುಮ್ಮನೆ ನಿಂತಾಗ ಸ್ಟೀರಿಂಗಿಗೆ ಬರುವ ಮೆಲುನಡುಕಕ್ಕೆ ಕಾರಣ ಇವೆರಡೇ. ಎಂಜಿನ್‌ನ ಕೆಳಗಿನ ರಬ್ಬರ್ ಮೌಂಟಿಂಗ್‌ಗಳು ಅದನ್ನು ಬಹುಮಟ್ಟಿಗೆ ನುಂಗುತ್ತವೆ, ಅವು ಹಳತಾದಾಗ ನಡುಕ ಹೆಚ್ಚುತ್ತದೆ. ನಾಲ್ಕು ಸಿಲಿಂಡರಿನದೂ ನಿರ್ದೋಷಿಯೇನಲ್ಲ: ವೇಗ ಏರಿದಂತೆ ಪ್ರತಿ ಸುತ್ತಿಗೆ ಎರಡು ಬಾರಿ ಅದುರುವ ದೋಷ ಅದಕ್ಕಿದೆ.

ಪ್ರತಿಯಾಗಿ ಮೂರು ಸಿಲಿಂಡರಿನದು ಹಗುರ, ಗಿಡ್ಡ. ಉಜ್ಜುವ ಭಾಗಗಳೂ ಕಡಿಮೆ. ನಮ್ಮಲ್ಲಿ ಇದೇನೂ ಹೊಸತಲ್ಲ. 1983ರಲ್ಲಿ ಬಂದ ಮಾರುತಿ 800ರ 796 ಸಿಸಿ ಎಂಜಿನ್ ಮೂರು ಸಿಲಿಂಡರಿನದೇ ಆಗಿತ್ತು. ಅಂದು ಯಾರೂ ಬಾನೆಟ್ ಎತ್ತಿ ಸಿಲಿಂಡರ್ ಎಣಿಸಲಿಲ್ಲ, ಇಂದು ಎಣಿಸುತ್ತಿದ್ದೇವೆ.

ಪ್ರಶ್ನೆ: ಇನ್‌ಲೈನ್, ವಿ, ಬಾಕ್ಸರ್, ಡಬ್ಲ್ಯೂ ಎಂದೆಲ್ಲ ಓದುತ್ತೇನೆ. ಸಿಲಿಂಡರ್‌ಗಳನ್ನು ಇಷ್ಟು ಬಗೆಯಲ್ಲಿ ಜೋಡಿಸುವುದೇಕೆ?
– ಪಾಲಿಟೆಕ್ನಿಕ್ ವಿದ್ಯಾರ್ಥಿ, ಮಂಜೇಶ್ವರ

ಉತ್ತರ: ಮುಖ್ಯ ಕಾರಣ ಜಾಗ. ನಮ್ಮ ಸಣ್ಣ ಕಾರುಗಳಲ್ಲಿ ಎಂಜಿನ್ ಎರಡು ಮುಂಗಾಲಿಗಳ ನಡುವೆ ಅಡ್ಡವಾಗಿ ಕೂರುತ್ತದೆ, ಪಕ್ಕದಲ್ಲೇ ಗೇರ್ ಬಾಕ್ಸೂ ಇರಬೇಕು. ಅಲ್ಲಿ ಮೂರು ಅಥವಾ ನಾಲ್ಕು ಸಿಲಿಂಡರ್‌ಗಳನ್ನು ಒಂದೇ ಸಾಲಿನಲ್ಲಿ ನಿಲ್ಲಿಸಬಹುದು, ಇದೇ ಇನ್‌ಲೈನ್. ಆರನ್ನು ಹೀಗೆ ನಿಲ್ಲಿಸಿದರೆ ಎಂಜಿನ್ ಬಹಳ ನಯವಾಗಿ ತಿರುಗುತ್ತದೆ, ಆದರೆ ಉದ್ದವಾಗುತ್ತದೆ. ಬಿಎಂಡಬ್ಲ್ಯೂ ಕಂಪನಿ ಉದ್ದನೆಯ ಬಾನೆಟ್‌ನ ಕೆಳಗೆ ಅದನ್ನು ಉದ್ದುದ್ದಕ್ಕೆ ಮಲಗಿಸಿ ಉಳಿಸಿಕೊಂಡಿದೆ. ಅಷ್ಟು ಜಾಗವಿಲ್ಲದವರು ಮೂರು ಮೂರರ ಎರಡು ಸಾಲು ಮಾಡಿ, ಓರೆಯಾಗಿ ನಿಲ್ಲಿಸಿ, ಕೆಳಗೆ ಒಂದೇ ಕ್ರ್ಯಾಂಕ್ ಶಾಫ್ಟಿಗೆ ಸೇರಿಸುತ್ತಾರೆ. ಅದು ವಿ6. ಸಾಲುಗಳ ನಡುವಿನ ಕೋನ ವಿ6ಕ್ಕೆ ಸಾಮಾನ್ಯವಾಗಿ 60, ವಿ8ಕ್ಕೆ 90 ಡಿಗ್ರಿ. ಎರಡು ಸಾಲು ಎಂದರೆ ಮೇಲಿನ ಮುಚ್ಚಳವಾದ ಸಿಲಿಂಡರ್ ಹೆಡ್ ಎರಡು, ಖರ್ಚೂ ಹೆಚ್ಚು.

ಬಾಕ್ಸರ್‌ನಲ್ಲಿ ಎರಡು ಸಾಲುಗಳೂ ಪೂರಾ ಮಲಗಿರುತ್ತವೆ. ಎದುರುಬದುರಿನ ಪಿಸ್ಟನ್‌ಗಳು ಒಟ್ಟಿಗೆ ಹೊರಗೆ ಹೋಗಿ ಒಟ್ಟಿಗೆ ಒಳಗೆ ಬರುವುದರಿಂದ ಒಂದರ ಹೊಡೆತವನ್ನು ಇನ್ನೊಂದು ಬಹುಪಾಲು ಅಳಿಸುತ್ತದೆ, ಭಾರವೂ ನೆಲಕ್ಕೆ ಹತ್ತಿರವಿರುತ್ತದೆ. ಪೋರ್ಷೆ 911, ಸುಬಾರು ಕಾರುಗಳಲ್ಲಿ ಇದನ್ನು ನೋಡಬಹುದು. ಸ್ಪಾರ್ಕ್ ಪ್ಲಗ್ ಬದಲಿಸುವ ಮೆಕ್ಯಾನಿಕ್‌ಗೆ ಮಾತ್ರ ಇದು ಪ್ರಿಯವಲ್ಲ, ಏಕೆಂದರೆ ಪ್ಲಗ್‌ಗಳು ಚಕ್ರದ ಪಕ್ಕದ ಇಕ್ಕಟ್ಟಿನಲ್ಲಿರುತ್ತವೆ. ಎರಡು ವಿ ಜೋಡಣೆಗಳನ್ನು ಒಂದೇ ಕ್ರ್ಯಾಂಕ್ ಶಾಫ್ಟಿಗೆ ಸೇರಿಸಿದ ಡಬ್ಲ್ಯೂ ಬಗೆ ಶ್ರೀಮಂತರ ಹವ್ಯಾಸ: 2005ರ ಬುಗಾಟಿ ವೇರಾನ್‌ನ 8 ಲೀಟರ್ ಎಂಜಿನ್‌ನಲ್ಲಿ 16 ಸಿಲಿಂಡರ್, ನಾಲ್ಕು ಟರ್ಬೊ ಇದ್ದವು.

ಒಂದು ಎಚ್ಚರಿಕೆ. ಜೋಡಣೆಯ ಈ ವಿಂಗಡಣೆಯನ್ನು ಪೆಟ್ರೋಲ್–ಡೀಸೆಲ್ ವಿಂಗಡಣೆಯೊಂದಿಗೆ ಬೆರೆಸಬಾರದು. ಪೆಟ್ರೋಲ್ ಎಂಜಿನ್‌ನಲ್ಲಿ ಮಿಶ್ರಣಕ್ಕೆ ಪ್ಲಗ್ಗಿನ ಕಿಡಿ ಬೆಂಕಿ ಹೊತ್ತಿಸುತ್ತದೆ. ಡೀಸೆಲ್‌ನಲ್ಲಿ ಗಾಳಿಯನ್ನೇ ಅದುಮಿ ಕಾಯಿಸಿ, ಅದರೊಳಗೆ ಡೀಸೆಲ್ ಚಿಮ್ಮಿಸಿದಾಗ ತಾನೇ ಹೊತ್ತಿಕೊಳ್ಳುತ್ತದೆ. ಇನ್‌ಲೈನ್ ಆಗಲಿ ವಿ ಆಗಲಿ, ಎರಡು ಇಂಧನಗಳಲ್ಲೂ ಇವೆ.

ಪ್ರಶ್ನೆ: ತೋಟಕ್ಕೆ ಮದ್ದು ಬಿಡುವ ನಮ್ಮ ಪಂಪಿಗೆ ಪೆಟ್ರೋಲಿನೊಂದಿಗೆ ಆಯಿಲ್ ಬೆರೆಸಬೇಕು, ಕಾರಿಗೆ ಬೇಡ. ಏಕೆ?
– ಅಡಿಕೆ ಕೃಷಿಕರು, ಮುಳ್ಳೇರಿಯ

ಉತ್ತರ: ನಿಮ್ಮ ಪಂಪಿನದು ಎರಡು ಸ್ಟ್ರೋಕಿನ ಎಂಜಿನ್. ಪ್ರತಿ ಸುತ್ತಿಗೂ ಉರಿಯುವುದರಿಂದ ತೂಕಕ್ಕೆ ಮೀರಿದ ಬಲ ಅದಕ್ಕಿದೆ. ಆದರೆ ಮಿಶ್ರಣವು ಕ್ರ್ಯಾಂಕ್ ಶಾಫ್ಟ್ ಇರುವ ಕೋಣೆಯ ಮೂಲಕವೇ ಹಾದು ಬರುವುದರಿಂದ ಕಾರಿನಂತೆ ಅಲ್ಲಿ ಬೇರೆ ಆಯಿಲ್ ತುಂಬಿಡುವಂತಿಲ್ಲ, ಪೆಟ್ರೋಲಿನೊಂದಿಗೇ ಕಳುಹಿಸಬೇಕು. ಆ ಆಯಿಲೂ ಉರಿಯದೆ ಉಳಿದ ಒಂದಷ್ಟು ಪೆಟ್ರೋಲೂ ಹೊಗೆಯಾಗಿ ಹೊರಬೀಳುತ್ತವೆ. ಈಗಿನ ಹೊಗೆ ನಿಯಮಗಳಲ್ಲಿ ಕಾರಿಗೆ ಅದು ನಡೆಯದು.

ಪ್ರಶ್ನೆ: ಹಳೆಯ ಕಾರು ಕೊಳ್ಳುವಾಗ ಸಿಲಿಂಡರ್ ಎಷ್ಟೆಂದು ತಿಳಿಯುವುದು ಹೇಗೆ?
– ಓದುಗರು, ಕುಂಬಳೆ

ಉತ್ತರ: ಆರ್‌ಸಿಯಲ್ಲಿ ಸಿಸಿಯ ಜೊತೆ ಸಿಲಿಂಡರ್ ಸಂಖ್ಯೆಯೂ ನಮೂದಾಗಿರುತ್ತದೆ. ಕಣ್ಣಾರೆ ನೋಡಬೇಕೆಂದಿದ್ದರೆ ತಣ್ಣಗಿರುವ ಎಂಜಿನ್‌ನ ಪ್ಲಾಸ್ಟಿಕ್ ಮುಚ್ಚಳ ತೆಗೆದು, ಪೆಟ್ರೋಲಿನದಾದರೆ ಪ್ಲಗ್ಗಿನ ಮೇಲಿನ ಇಗ್ನಿಷನ್ ಕಾಯಿಲ್‌ಗಳನ್ನು ಅಥವಾ ಪ್ಲಗ್ ವಯರುಗಳನ್ನು, ಡೀಸೆಲಿನದಾದರೆ ಇಂಜೆಕ್ಟರ್‌ಗಳಿಗೆ ಹೋಗುವ ಉಕ್ಕಿನ ಪೈಪುಗಳನ್ನು ಎಣಿಸಿ.